ನಾಲ್ಕೂವರೆ ಅಂಗುಲದೆತ್ತರದಲ್ಲಿ ದಿಂಬಂ ಘಾಟಿ

ತಾಳವಾಡಿ ಸೀಮೆಯ ಕನ್ನಡಿಗರಿಗೆ ದಿಂಬಂ ಘಾಟಿಯೆಂಬುದು ನೋಡಿ ಬರುವ ಸ್ಥಳವಲ್ಲ, ದಾಟಲೇಬೇಕಾದ ಹೊಸ್ತಿಲು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಊರುಗಳು ಮದರಾಸು ರಾಜ್ಯದಲ್ಲಿಯೇ ಉಳಿದುವು. ಅಂದಿನಿಂದ ನೆಂಟಸ್ತಿಕೆ, ಸಂತೆ, ಮದುವೆಯ ಜವಳಿಗೆಲ್ಲ ಚಾಮರಾಜನಗರವಾದರೆ, ಕಚೇರಿಯ ಕಾಗದಪತ್ರಗಳಿಗೆಲ್ಲ ಘಾಟಿಯ ಕೆಳಗಿನ ಸತ್ಯಮಂಗಲ ಮತ್ತು ಈರೋಡು. ನಡುವೆ ಹಾಸನೂರಿನ ಕಾಡು. ಕಾಡು ಮುಗಿದಲ್ಲಿ ದಿಂಬಂ. ಅಲ್ಲಿಂದ ಬಣ್ಣಾರಿಯವರೆಗೆ ಇಪ್ಪತ್ತೇಳು ಕಡಿದಾದ ತಿರುವುಗಳು. ಬಸ್ಸಿನ ಕಿಟಕಿಯ ಬಳಿ ಕುಳಿತು ಈ ದಾರಿಯನ್ನು ಎಷ್ಟು ಬಾರಿ ಏರಿಳಿದಿದ್ದೇವೋ ಲೆಕ್ಕವಿಟ್ಟವರಾರು? ಆಗೆಲ್ಲ ಕಣಿವೆಯನ್ನು ನೋಡಿದೆವು, ಮಂಜನ್ನು ನೋಡಿದೆವು, ಪುಣ್ಯವಿದ್ದ ದಿನ ಆನೆಗಳನ್ನೂ ನೋಡಿದೆವು. ಆದರೆ ರಸ್ತೆಯ ಮೈಯನ್ನು ನಿಜವಾಗಿ ಕಂಡದ್ದು, ತಳ ನೆಲದಿಂದ ನಾಲ್ಕೂವರೆ ಅಂಗುಲ ಮಾತ್ರ ಎತ್ತರವಿರುವ ಕಾರೊಂದರಲ್ಲಿ ಕುಳಿತು ಇಳಿದಾಗಲೇ.

ಕಾರು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನದು. ಮೈಸೂರಿನಲ್ಲಿ ಉದ್ಯೋಗದಲ್ಲಿರುವ ಆತ, ಹಲವು ವರ್ಷಗಳ ಉಳಿತಾಯವನ್ನು ಸುರಿದು, ಮತ್ತೊಬ್ಬರು ಬಳಸಿ ಬಿಟ್ಟ ಎರಡು ಆಸನದ ಓಟದ ಕಾರೊಂದನ್ನು ಕೊಂಡಿದ್ದಾನೆ. ಕೊಯಮತ್ತೂರಿನ ಹೊರವಲಯದ ಚೆಟ್ಟಿಪಾಳಯದಲ್ಲಿ, ಮೋಟಾರು ಪಂದ್ಯಗಳಿಗೆ ಹೆಸರಾಗಿದ್ದ ಕರಿವರ್ಧನ್ ಅವರ ನೆನಪಿನಲ್ಲಿ ಕಟ್ಟಿದ ಓಟದ ಮಾರ್ಗವೊಂದಿದೆ. ಅಲ್ಲಿ ಅದನ್ನು ಓಡಿಸಬೇಕೆಂಬುದು ಆತನ ಬಯಕೆ. ನಮಗೂ ಅದೇ ವಾರ ಕೊಯಮತ್ತೂರಿನಲ್ಲಿ ನೆಂಟರ ಮನೆಯ ಕೆಲಸವಿತ್ತು. "ಮೇಷ್ಟ್ರೇ, ನಿಮ್ಮೂರೊಳಕ್ಕೆ ತಂದ್ರೆ ಇದರ ಹೊಟ್ಟೆ ಹರಿದೋಗ್ತದೆ, ನೀವೇ ಹಾಸನೂರಿಗೆ ಬಂದ್ಬುಡಿ" ಎಂದು ದೂರವಾಣಿಯಲ್ಲಿ ತಿಳಿಸಿದ. ಗುರುವನ್ನು ಬಸ್ಸಿನಲ್ಲಿ ಕರೆಸಿಕೊಳ್ಳುವ ಕಾರು ಎಂಥದಿರಬಹುದೆಂಬ ಕುತೂಹಲದಿಂದಲೇ ಹೊರಟೆವು.

ಹಾಸನೂರಿನ ಚಹದಂಗಡಿಯ ಮುಂದೆ ಅದು ಕೆಂಪಗೆ ನಿಂತಿತ್ತು. ಸುತ್ತ ಹತ್ತು ಜನ. ಹಿರಿಯರೊಬ್ಬರು ಕೋಲೂರಿಕೊಂಡು ಬಾಗಿ ನೋಡಿ, "ಇದೇನ್ ಮಗಾ, ಗಾಡಿ ನೆಲಕ್ಕೆ ಮನೀಕಂಡದೆ! ಎತ್ಗೆ ಲಾಳ ಕಟ್ದಂಗೆ ಇದ್ಕೂ ಏನಾರ ಕಟ್ಟಿಸ್ಬಾರ್ದಾ?" ಎಂದರು. ಶಿಷ್ಯನು ನಕ್ಕು, "ಕಟ್ಸಿವ್ನಿ ತಾತ" ಎಂದ.

ಆ ಲಾಳದ ವಿಚಾರವನ್ನು ಸ್ವಲ್ಪ ವಿವರಿಸಬೇಕು. ಸಾಮಾನ್ಯ ಕಾರಿನ ತಳಕ್ಕೂ ನೆಲಕ್ಕೂ ಹದಿನಾರು ಹದಿನೇಳು ಸೆಂಟಿಮೀಟರಿನಷ್ಟು ಅಂತರವಿರುತ್ತದೆ. ಈ ಕಾರಿಗೆ ಇದ್ದದ್ದು ಹನ್ನೊಂದೂವರೆ. ಭಾರ ನೆಲಕ್ಕೆ ಹತ್ತಿರವಿದ್ದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ. ಓಟಕ್ಕೆಂದೇ ಕಟ್ಟಿದವುಗಳು ತಗ್ಗಾಗಿರುವುದು ಅದಕ್ಕಾಗಿ. ಆದರೆ ಎಂಜಿನ್ನಿನ ಎಣ್ಣೆ ತುಂಬಿರುವ ಆಯಿಲ್ ಚೇಂಬರು ಎಲ್ಲಕ್ಕಿಂತ ಕೆಳಗಿರುತ್ತದೆ. ಹಲವು ಕಾರುಗಳಲ್ಲಿ ಅದು ಅಲ್ಯೂಮಿನಿಯಮಿನ ಎರಕ. ತಗಡಿನಂತೆ ತಗ್ಗುಬೀಳದು, ಬಲವಾಗಿ ಕಲ್ಲು ತಾಗಿದರೆ ಒಡೆಯುತ್ತದೆ. ಎಣ್ಣೆ ಸೋರಿದ ಎಂಜಿನ್ನನ್ನು ಹಾಗೆಯೇ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಒಳಗಿನ ಲೋಹ ಲೋಹಕ್ಕೆ ಕಚ್ಚಿಕೊಂಡು ಎಲ್ಲವೂ ಕೆಟ್ಟುಹೋಗುತ್ತದೆ. ಬಂಪರಿನ ಅಂಚು ತರಚಿದರೆ ಅದು ಅಂದದ ಪ್ರಶ್ನೆ, ಇದು ಹಾಗಲ್ಲ. ಹುಲಿ ರಕ್ಷಿತಾರಣ್ಯದ ನಡುವೆ ಗಾಡಿ ನಿಂತರೆ ಮನುಷ್ಯರ ಪ್ರಶ್ನೆಯೂ ಆಗುತ್ತದೆ. 2022ರ ಫೆಬ್ರವರಿ 10ರಿಂದ ಈ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದನ್ನು ನಮ್ಮ ಸೀಮೆಯವರು ಬಲ್ಲರು. ಹೊತ್ತು ಮುಳುಗಿದ ಮೇಲೆ ಸಹಾಯಕ್ಕೆ ಬರುವವರೂ ವಿರಳ.

ಅದಕ್ಕೆಂದು ಆತ ಆಯಿಲ್ ಚೇಂಬರಿನ ಕೆಳಗೆ ನಾಲ್ಕು ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ಹಲಗೆಯೊಂದನ್ನು ಬೋಲ್ಟು ಹಾಕಿ ಕಟ್ಟಿಸಿದ್ದ. ಉಕ್ಕಿನದು ಇನ್ನೂ ಗಟ್ಟಿಯಲ್ಲವೇ ಎಂದು ಕೇಳಿದೆವು. ಗಟ್ಟಿ ನಿಜ, ಆದರೆ ಭಾರ. ಭಾರ ಹೆಚ್ಚಿದಷ್ಟೂ ಗಾಡಿ ಮತ್ತೆ ಕುಸಿಯುತ್ತದೆ ಎಂದ. ಹಲಗೆಯಲ್ಲಿ ಗಾಳಿಯಾಡಲು ಸೀಳುಗಳಿರಬೇಕು, ಎಣ್ಣೆ ಬದಲಿಸಲು ಕಿಂಡಿಯಿರಬೇಕು, ಹಲಗೆಗೂ ಚೇಂಬರಿಗೂ ನಡುವೆ ಒಂದಿಷ್ಟು ಎಡೆಯಿರಬೇಕು. ಇಲ್ಲದಿದ್ದರೆ ಹಲಗೆಗೆ ಬಿದ್ದ ಪೆಟ್ಟು ನೇರವಾಗಿ ಚೇಂಬರಿಗೇ ತಲುಪುತ್ತದೆ. ಈ ಎಲ್ಲ ಏರ್ಪಾಟಿಗೆ ತೆತ್ತ ಬೆಲೆ ಒಂದು ಸೆಂಟಿಮೀಟರು. ಹನ್ನೊಂದೂವರೆ ಇದ್ದದ್ದು ಹತ್ತೂವರೆಯಾಯಿತು. ಕಾಪಾಡುವ ವಸ್ತುವೇ ಅಪಾಯವನ್ನು ಒಂದು ಸೆಂಟಿಮೀಟರು ಹತ್ತಿರ ತಂದಿತೆನ್ನಬೇಕು. ಮುಂಭಾಗದ ತುಟಿಯಂಚಿಗೆ ಗಟ್ಟಿ ರಬ್ಬರಿನ ಪಟ್ಟಿಯನ್ನೂ ಅಂಟಿಸಿದ್ದ. ಅದು ಸವೆಯುವುದಕ್ಕೆಂದೇ ಇರುವುದು, ಸವೆದಾಗ ಬೇರೆ ಹಾಕಿದರಾಯಿತು. ತಳಕ್ಕೆ ಬಳಿಯುವ ಕಪ್ಪು ಲೇಪದಿಂದ ತರಚು ನಿಲ್ಲುತ್ತದೆಂದು ಹಲವರು ತಿಳಿದಿದ್ದಾರೆ. ಅದು ತಡೆಯುವುದು ತುಕ್ಕನ್ನು. ತರಚಿದಲ್ಲಿ ಲೇಪವೂ ಕಿತ್ತುಬರುವುದರಿಂದ ಆ ಜಾಗಕ್ಕೆ ಮತ್ತೆ ಬಳಿಯದೆ ಬಿಡಬಾರದು. ಕೆಲವು ಬಹು ದುಬಾರಿ ಕಾರುಗಳಲ್ಲಿ ಗುಂಡಿಯೊತ್ತಿದರೆ ಮೂತಿಯೇ ನಾಲ್ಕು ಸೆಂಟಿಮೀಟರಿನಷ್ಟು ಮೇಲೇಳುವ ಏರ್ಪಾಟಿದೆಯಂತೆ. ಶಿಷ್ಯನ ಸಂಬಳಕ್ಕೆ ಅದು ಎಟುಕುವಂಥದಲ್ಲ.

ಹಾಸನೂರು ಬಿಟ್ಟ ಮೇಲೆ ರಸ್ತೆಯುಬ್ಬುಗಳು ಎದುರಾದುವು. ಒಂದರ ಮುಂದೆ ಗಾಡಿ ನಿಲ್ಲಿಸಿ, "ಮೇಷ್ಟ್ರೇ, ಒಸಿ ಇಳೀತೀರಾ?" ಎಂದು ಸಂಕೋಚದಿಂದ ಕೇಳಿದ. ತರಗತಿಯಲ್ಲಿ ಆತನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ನಾವು ಈಗ ಆತನ ಮಾತಿಗೆ ರಸ್ತೆಯಲ್ಲಿ ನಿಂತೆವು. ಇಷ್ಟು ತಗ್ಗಾದ ಆಸನದಿಂದ ಏಳುವುದು ಐವತ್ತು ದಾಟಿದ ಮಂಡಿಗೆ ಸುಲಭವಲ್ಲವೆಂಬುದನ್ನೂ ದಾಖಲಿಸುತ್ತೇವೆ. ನಮ್ಮ ಭಾರ ಇಳಿದೊಡನೆ ತಳ ಒಂದು ಬೆರಳಿನಷ್ಟು ಮೇಲೆದ್ದುದು ಕಣ್ಣಿಗೇ ಕಂಡಿತು.

ಆಗ ನಮ್ಮೊಳಗಿನ ಗಣಿತದ ಅಧ್ಯಾಪಕ ಎಚ್ಚರಗೊಂಡ. ಭಾರತೀಯ ರಸ್ತೆ ಕಾಂಗ್ರೆಸ್ಸು ಎಂಬ ಸಂಸ್ಥೆ ರಸ್ತೆಯುಬ್ಬು ಹೇಗಿರಬೇಕೆಂದು ಅಳತೆಯನ್ನೇ ಗೊತ್ತುಮಾಡಿದೆ: ಅಗಲ 3.7 ಮೀಟರು, ನಡುವಿನ ಎತ್ತರ 10 ಸೆಂಟಿಮೀಟರು, 17 ಮೀಟರು ತ್ರಿಜ್ಯದ ವೃತ್ತದ ಒಂದು ತುಂಡಿನಂತೆ ಬಾಗು. ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ದಾಟುವಂತಿರಬೇಕೆಂಬುದು ಅದರ ಉದ್ದೇಶ. ಕಾರಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಎರಡೂವರೆ ಮೀಟರು ಎಂದಿಟ್ಟುಕೊಳ್ಳೋಣ. ಅಂಥ ಉಬ್ಬಿನ ಮೇಲೆ ನಾಲ್ಕು ಗಾಲಿಗಳೂ ಒಟ್ಟಿಗೆ ನಿಲ್ಲುತ್ತವೆ. ಗಾಲಿಗಳ ನಡುವೆ ಉಬ್ಬು ಕಾರಿನ ಹೊಟ್ಟೆಯ ಕಡೆಗೆ ಏಳುವುದು ಎಷ್ಟು? ಎರಡೂವರೆಯ ಅರ್ಧದ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿರಿ: ನಾಲ್ಕೂವರೆ ಸೆಂಟಿಮೀಟರಿಗೆ ತುಸು ಮೇಲೆ. ಹತ್ತೂವರೆಯಲ್ಲಿ ಅದನ್ನು ಕಳೆದರೂ ಸುಮಾರು ಆರು ಉಳಿಯಿತು. ತಗ್ಗು ಕಾರೂ ನಿರಾತಂಕವಾಗಿ ದಾಟಬಹುದು.

ನಮ್ಮ ಊರುಗಳಲ್ಲಿ ಕಾಣುವ ಉಬ್ಬುಗಳೋ, ಅರ್ಧ ಮೀಟರು ಅಗಲದ ಕಟ್ಟೆಗಳು. ಕಾರು ಅದನ್ನು ಕಾಲುಗಳ ನಡುವೆ ಇಟ್ಟುಕೊಂಡು ದಾಟಬೇಕು. ಆಗ ಹತ್ತಕ್ಕೆ ಹತ್ತು ಸೆಂಟಿಮೀಟರೂ ಹೊಟ್ಟೆಯ ಕೆಳಗೆ ಬರುತ್ತದೆ. ಉಳಿಯುವುದು ಅರ್ಧ. ಮೇಷ್ಟ್ರೊಬ್ಬರು ಕುಳಿತರೆ ಅದೂ ಇಲ್ಲ. ಎತ್ತರ ಅದೇ ಹತ್ತು, ವ್ಯತ್ಯಾಸವೆಲ್ಲ ಅಗಲದಲ್ಲಿದೆ. ಅಗಲವನ್ನು ಕಡಿಮೆ ಮಾಡುವುದರ ಕಾರಣವೂ ಗಣಿತದಲ್ಲಿಯೇ ಸಿಕ್ಕಿತು: ಅಳತೆಯ ಉಬ್ಬಿಗೆ ಬೇಕಾಗುವ ಜಲ್ಲಿ-ಡಾಂಬರು ಕಿರಿದಾದ ಕಟ್ಟೆಯದಕ್ಕಿಂತ ಏಳು ಪಟ್ಟಿಗೂ ಹೆಚ್ಚು.

ಹಾಗೆಂದು ಉಬ್ಬುಗಳನ್ನೇ ಶಪಿಸುವವರ ಗುಂಪಿಗೆ ನಾವು ಸೇರಲಾರೆವು. ಕಾಡಿನ ಉಬ್ಬು ರಸ್ತೆ ದಾಟುವ ಜಿಂಕೆಯನ್ನು ಉಳಿಸುತ್ತದೆ. ಶಾಲೆಯ ಮುಂದಿನದು ಓಡಿಬರುವ ಮಗುವನ್ನು. ಒಬ್ಬನ ಕೆಂಪು ಕಾರಿಗಾಗಿ ಅವನ್ನು ಕೀಳಿಸಬೇಕೆಂದು ಯಾರಾದರೂ ಅರ್ಜಿ ಬರೆದರೆ ನಾವು ಸಹಿ ಹಾಕುವುದಿಲ್ಲ. ಶಿಷ್ಯನೂ ಹಾಕುವವನಲ್ಲ.

ಆತ ದಾಟುವ ಬಗೆ ನೋಡುವಂತಿತ್ತು. ಬ್ರೇಕು ಒತ್ತಿದಾಗ ಯಾವ ಗಾಡಿಯ ಮೂತಿಯಾದರೂ ಕೆಳಕ್ಕೆ ಬಾಗುತ್ತದೆ. ಆದ್ದರಿಂದ ಉಬ್ಬಿಗೆ ಮುಂಚೆಯೇ ವೇಗವಿಳಿಸಿ, ಗಾಲಿ ಉಬ್ಬನ್ನು ಮುಟ್ಟುವ ಹೊತ್ತಿಗೆ ಬ್ರೇಕಿನಿಂದ ಕಾಲು ತೆಗೆದಿರುತ್ತಿದ್ದ. ಎದುರಿನಿಂದ ವಾಹನವಿಲ್ಲವೆಂದು ಖಾತ್ರಿಯಾದಾಗ ಮಾತ್ರ ಓರೆಯಾಗಿ ಏರುತ್ತಿದ್ದ. ಹಾಗೆ ಮಾಡಿದರೆ ಗಾಲಿಗಳು ಒಂದೊಂದಾಗಿ ಹತ್ತಿಳಿದು, ಪ್ರತಿಯೊಂದೂ ತನ್ನ ಮೂಲೆಯನ್ನು ಮೇಲೆತ್ತುತ್ತದೆ. ಹೊಟ್ಟೆ ಒಮ್ಮೆಗೇ ಕಟ್ಟೆಯ ಮೇಲೆ ಕೂರುವುದಿಲ್ಲ. ತಿರುವಿನ ಬಳಿ ಇದು ಸಲ್ಲದು. ಅಲ್ಲಿ ನೇರವಾಗಿ, ಆಮೆಯಂತೆ.

ದಿಂಬಂ ದಾಟಿ ಇಳಿಜಾರಿಗೆ ಬಿದ್ದಾಗ ಅಂಜಿಕೆ ಬೇರೆ ರೂಪ ತಾಳಿತು. ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ, ಹಿಂದಕ್ಕೆ ಉರುಳದಂತೆ ಕ್ಲೀನರು ಗಾಲಿಗೆ ಕಲ್ಲೊಂದನ್ನು ಒತ್ತುಕೊಡುತ್ತಾನೆ. ಲಾರಿ ಹೊರಟುಹೋಗುತ್ತದೆ, ಕಲ್ಲು ನಡುರಸ್ತೆಯಲ್ಲಿ ಉಳಿಯುತ್ತದೆ. ಬಸ್ಸಿನಲ್ಲಿ ಕುಳಿತು ನಾವೆಂದೂ ಗಮನಿಸದಿದ್ದ ಈ ಕಲ್ಲುಗಳು ಈಗ ಒಂದೊಂದಾಗಿ ಕಣ್ಣಿಗೆ ಬಿದ್ದುವು. ಬೇರೆ ಕಾರಿನವರು ಅಂಥದನ್ನು ಗಾಲಿಗಳ ನಡುವೆ ಬಿಟ್ಟುಕೊಂಡು ಹೋಗುತ್ತಾರೆ. ತಗ್ಗು ಕಾರಿಗೆ ಅದೇ ಮೃತ್ಯು. ಒಂದು ತಿರುವಿನ ನಡುವೆ ತೆಂಗಿನಕಾಯಿ ಗಾತ್ರದ ಕಲ್ಲು ಬಿದ್ದಿತ್ತು. ಎಡಕ್ಕೆ ಸರಿಯೋಣವೆಂದರೆ ಡಾಂಬರಿನ ಅಂಚಿನಿಂದ ಮಣ್ಣಿಗೆ ಅರ್ಧ ಅಡಿ ತಗ್ಗು. ಒಂದು ಗಾಲಿ ಅಲ್ಲಿಗಿಳಿದರೆ ಕಾರಿನ ಪಕ್ಕೆಯೇ ಡಾಂಬರಿನ ಮೇಲೆ ಕೂರುತ್ತದೆ. ಬಲಕ್ಕೆ, ಮೇಲೇರುತ್ತಿದ್ದ ಲಾರಿ. ನಿಲ್ಲಿಸಿದೆವು. ಹಿಂದಿನಿಂದ ಬಸ್ಸೊಂದು ಹಾರನ್ ಮೊಳಗಿಸಿತು. ನಾವೇ ಇಳಿದು ಕಲ್ಲನ್ನು ಎರಡೂ ಕೈಗಳಿಂದ ಉರುಳಿಸಿ ತಡೆಗೋಡೆಯ ಬುಡಕ್ಕೆ ಸೇರಿಸಿದೆವು. ಬಸ್ಸಿನ ಚಾಲಕರು ಕೈಯೆತ್ತಿ ನಮಸ್ಕಾರ ಮಾಡಿದರು. ಅದು ವ್ಯಂಗ್ಯವೋ ಕೃತಜ್ಞತೆಯೋ ತಿಳಿಯಲಿಲ್ಲ.

ಪೆಟ್ಟು ಬಿದ್ದದ್ದು ಅದಾದ ಮೇಲೆ, ಕಲ್ಲಿಲ್ಲದ ಕಡೆ. ಇಂಥ ತಿರುವುಗಳ ಒಳಮಗ್ಗುಲಿನಲ್ಲಿ ರಸ್ತೆ ಹೆಚ್ಚು ಕಡಿದಾಗಿ ತಿರುಚಿಕೊಂಡಿರುತ್ತದೆ. ಹೊರಮಗ್ಗುಲಿನಲ್ಲಿ ಇಳಿಜಾರು ಸೌಮ್ಯ. ತಗ್ಗು ಕಾರಿಗೆ ಹೊರಮಗ್ಗುಲೇ ಹಿತ. ಆದರೆ ಭಾರದ ಲಾರಿಯೊಂದು ಏರಿ ಬಂದು ಹೊರಗಿನ ಜಾಗವನ್ನೆಲ್ಲ ತುಂಬಿದಾಗ ನಾವು ಒಳಕ್ಕೆ ಸರಿಯಬೇಕಾಯಿತು. ಕಾಲಡಿಯಲ್ಲಿಯೇ ಕಬ್ಬಿಣದ ಬಾಣಲೆಯನ್ನು ಜಗಲಿಯ ಮೇಲೆ ಎಳೆದಂಥ ಸದ್ದು. ಶಿಷ್ಯನ ಮುಖ ಕಪ್ಪಿಟ್ಟಿತು. ಎಣ್ಣೆಯ ಒತ್ತಡ ತಪ್ಪಿದರೆ ಉರಿಯುವ ಕೆಂಪು ದೀಪದ ಮೇಲೆಯೇ ಕಣ್ಣಿಟ್ಟು, ಒಂದು ಮಾತೂ ಆಡದೆ ಉಳಿದ ತಿರುವುಗಳನ್ನು ಇಳಿಸಿದ. ದೀಪ ಉರಿಯಲಿಲ್ಲ.

ಬಣ್ಣಾರಿಯಲ್ಲಿ, ಅಮ್ಮನವರ ಗುಡಿಯಿಂದ ತುಸು ದೂರದ ಸಮತಟ್ಟಾದ ಜಾಗದಲ್ಲಿ ಗಾಡಿ ನಿಂತಿತು. ಪಂಗುನಿ ಮಾಸದ ಕೊಂಡಕ್ಕೆ ನಮ್ಮ ಕಡೆಯ ಜನ ಹರಕೆ ಹೊತ್ತು ಬರುವ ಸ್ಥಳ. ಆತ ಹೊಸ ಅಂಗಿಯನ್ನೂ ಲೆಕ್ಕಿಸದೆ ಮಣ್ಣಿನಲ್ಲಿ ಅಂಗಾತ ಮಲಗಿ, ಬ್ಯಾಟರಿ ದೀಪ ಹಿಡಿದು ತಳವನ್ನು ಪರೀಕ್ಷಿಸಿದ. ಕೆಳಗೆ ಹಾಸಿದ ಕಾಗದದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಹಲಗೆಯಲ್ಲಿ ಗೇಣುದ್ದದ ಗೀರು. ಒಂದು ಬೋಲ್ಟಿನ ತಲೆ ಅರ್ಧ ಸವೆದುಹೋಗಿತ್ತು. ಉಳಿದ ಬೋಲ್ಟುಗಳ ತಲೆಗಳು ಹಲಗೆಯ ಮೈಯೊಳಗೆ ಹುದುಗಿದ್ದುವು, ಅದೊಂದು ಮಾತ್ರ ಹೊರಚಾಚಿತ್ತು. ಸತ್ಯಮಂಗಲದ ಮೆಕ್ಯಾನಿಕ್ಕೊಬ್ಬರು ಅದನ್ನು ಬಿಚ್ಚಿ, ರಂಧ್ರದ ಬಾಯನ್ನು ಅಗಲಿಸಿ, ತಲೆ ಒಳಗೆ ಕೂರುವಂಥ ಬೋಲ್ಟು ಹಾಕಿಕೊಟ್ಟರು. ಚಾಚಿದ ಬೋಲ್ಟು ಕೊಕ್ಕೆಯಂತೆ. ಅದು ಸಿಕ್ಕಿಕೊಂಡರೆ ಹಲಗೆಯನ್ನೇ ಕಿತ್ತುಕೊಂಡು ಬರುತ್ತದೆಂದು ಅವರು ಹೇಳಿದರು. ಕೂಲಿ ಕೊಡಹೋದರೆ ಬೋಲ್ಟಿನ ಬೆಲೆಯನ್ನಷ್ಟೇ ತೆಗೆದುಕೊಂಡರು.

ಅಲ್ಲಿಂದಾಚೆಗಿನ ಬಯಲು ದಾರಿಯ ಬಗ್ಗೆ ಹೇಳತಕ್ಕದ್ದೇನೂ ಇಲ್ಲ.

ಮರುದಿನ ಚೆಟ್ಟಿಪಾಳಯಕ್ಕೂ ಹೋದೆವು. ಎರಡು ಕಿಲೋಮೀಟರಿಗೆ ತುಸು ಮೇಲ್ಪಟ್ಟ ಉದ್ದದ ಆ ಮಾರ್ಗದಲ್ಲಿ ಉಬ್ಬಿಲ್ಲ, ಒತ್ತುಗಲ್ಲಿಲ್ಲ. ಹಿಂದಿನ ದಿನ ಆಮೆಯಂತಿದ್ದ ಕಾರು ತಿರುವುಗಳಲ್ಲಿ ನೆಲಕ್ಕೆ ಅಂಟಿಕೊಂಡಂತೆ ಹೋಗುವುದನ್ನು ಕಂಡಾಗ, ಇದನ್ನು ಹೀಗೆ ತಗ್ಗಾಗಿ ಕಟ್ಟಿದವರು ಮೂರ್ಖರಲ್ಲವೆಂಬುದು ಮನದಟ್ಟಾಯಿತು. ಬಿಡುವಿನಲ್ಲಿ ಶಿಷ್ಯನು ಸ್ವಾರಸ್ಯದ ಸಂಗತಿಯೊಂದನ್ನು ತಿಳಿಸಿದ. ಫಾರ್ಮುಲಾ ಒನ್ ಪಂದ್ಯದ ಕಾರುಗಳ ತಳಕ್ಕೂ 1994ರಿಂದ ಒಂದು ಹಲಗೆಯನ್ನು ಕಟ್ಟುವ ನಿಯಮವಿದೆ. ಅದು ತಳದ ರಕ್ಷಣೆಗಲ್ಲ. ನೆಲಕ್ಕೆ ತೀರ ತಗ್ಗಿಸಿ ಓಡಿಸಿದವರನ್ನು ಹಿಡಿಯುವುದಕ್ಕೆ! ಹತ್ತು ಮಿಲಿಮೀಟರಿನ ಹಲಗೆ ಒಂದು ಮಿಲಿಮೀಟರಿಗಿಂತ ಹೆಚ್ಚು ಸವೆದಿದ್ದರೆ ಪಂದ್ಯದಿಂದಲೇ ಹೊರಗೆ. 2023ರಲ್ಲಿ ಅಮೆರಿಕದ ಪಂದ್ಯದಲ್ಲಿ ಹ್ಯಾಮಿಲ್ಟನ್ ಮತ್ತು ಲೆಕ್ಲೆರ್ ಇಬ್ಬರೂ ಗಳಿಸಿದ ಸ್ಥಾನವನ್ನು ಈ ಸವೆತದಿಂದಲೇ ಕಳೆದುಕೊಂಡರಂತೆ. ನಮ್ಮ ಹಲಗೆಯಲ್ಲಿದ್ದ ಗೇಣುದ್ದದ ಗೀರನ್ನು ಆ ಪಂಚಾಯಿತಿಯವರು ನೋಡಿದ್ದರೆ ಏನು ತೀರ್ಪು ಕೊಡುತ್ತಿದ್ದರೋ!

ಹಿಂದಿರುಗಿ ಬಂದ ವಾರವೇ ನಾವು ನಮ್ಮ ಶಾಲೆಯ ಮುಂದಿನ ಉಬ್ಬನ್ನು ಅಳೆದೆವು. ಏಳನೆಯ ತರಗತಿಯ ಮಕ್ಕಳು ಹಗ್ಗ ಹಿಡಿದರು. ಅಗಲ ಅರವತ್ತು ಸೆಂಟಿಮೀಟರು, ಎತ್ತರ ಹನ್ನೆರಡು. ತಗ್ಗು ಕಾರು ನಮ್ಮೂರಿಗೆ ಬರುವುದಿಲ್ಲ, ಸರಿ. ಆದರೆ ತುಂಬು ಗರ್ಭಿಣಿಯನ್ನು ಹೊತ್ತ ಆಂಬುಲೆನ್ಸು ಬರುತ್ತದೆ, ಹಿಂದೆ ಮಗುವನ್ನು ಕೂರಿಸಿಕೊಂಡ ಸ್ಕೂಟರು ಬರುತ್ತದೆ. ಅಳತೆಯ ಉಬ್ಬಿನ ನಕ್ಷೆಯನ್ನು ಮಕ್ಕಳ ಕೈಯಲ್ಲಿಯೇ ಬರೆಯಿಸಿ, ಬೇಕಾಗುವ ಜಲ್ಲಿಯ ಲೆಕ್ಕದೊಡನೆ ಸಂಬಂಧಪಟ್ಟವರಿಗೆ ಕಳುಹಿಸಿದ್ದೇವೆ. ಉಬ್ಬನ್ನು ತೆಗೆಯಬೇಡಿರಿ, ಅಗಲಿಸಿರಿ ಎಂದು ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಹಾಕಿ ಬರೆದಿದ್ದೇವೆ.