ತಗಡಿನ ಪೆಟ್ಟಿಗೆ

ನಮ್ಮ ಪುತ್ತೂರು ಸೀಮೆಯವರು ಕಾಗದಪತ್ರ ಜೋಪಾನ ಮಾಡುವುದರಲ್ಲಿ ಯಾರಿಗೂ ಸೋಲುವವರಲ್ಲ. ಅಜ್ಜನ ಕಾಲದ ಮೂಲಗೇಣಿ ಚೀಟು, ಅಡಂಗಲ್ಲು, ಭೂಮಸೂದೆಯ ಡಿಕ್ಲರೇಶನ್ನಿನ ನಕಲು, ಅಡಿಕೆ ಹಾಕಿದ ಕ್ಯಾಂಪ್ಕೊ ಚೀಟಿ ಎಲ್ಲವೂ ತಗಡಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿರುತ್ತವೆ. ಕೋರ್ಟಿನ ಮೆಟ್ಟಿಲು ಹತ್ತುವ ಯೋಗ ಯಾವಾಗ ಬಂದೀತೆಂದು ಹೇಳಬರುವುದಿಲ್ಲ, ನೋಡಿ! ಕಾಯಿಲೆಯ ಕಾಗದಕ್ಕೆ ಮಾತ್ರ ಈ ಮರ್ಯಾದೆಯಿಲ್ಲ. ರೋಗಿ ಎದ್ದು ಕುಳಿತನೊ, ಹರಕೆ ಸಂದಿತೊ, ಚೀಟಿಗಳೆಲ್ಲ ಬಚ್ಚಲ ಒಲೆಗೆ. ಅವುಗಳ ಜೊತೆಗೆ ರೋಗದ ನೆನಪೂ ಉರಿದುಹೋಗಲಿ ಎಂಬ ಭಾವನೆ. ಜ್ವರ, ಕಾಮಾಲೆಗಳ ಮಟ್ಟಿಗೆ ಅದು ನಡೆದೀತು.

ಕಡಬದ ಹತ್ತಿರ, ಕುಮಾರಧಾರೆಯಿಂದ ಒಂದು ಕೂಗಳತೆಯಲ್ಲಿ ನನ್ನ ತಂಗಿಯ ಮಗಳ ಮನೆ. ಕಡಬ ಈಗ ತಾನೇ ಒಂದು ತಾಲ್ಲೂಕು. 2002ರಲ್ಲಿ ಪುತ್ತೂರು ತಾಲ್ಲೂಕಿನ ಒಂದು ಪೇಟೆ. ಆ ವರ್ಷದ ಮಳೆಗಾಲದಲ್ಲಿ ಅವಳ ಐದು ವರ್ಷದ ಮಗಳಿಗೆ ಜ್ವರ ಹಿಡಿದದ್ದು ಬಿಡಲಿಲ್ಲ. ಮುಖ ಬಿಳಿಚಿತು. ಕಾಲಿನ ಮೇಲೆ ನೇರಳೆಹಣ್ಣು ಅಜ್ಜಿದಂಥ ಕಲೆಗಳು. ರಕ್ತ ಪರೀಕ್ಷೆಯಾಯಿತು, ಎಲುಬಿನ ಮಜ್ಜೆಯ ಪರೀಕ್ಷೆಯಾಯಿತು; ರಕ್ತದ ಕ್ಯಾನ್ಸರ್ ಎಂದರು. ಗೇರುತೋಪಿನ ಎಂಡೊಸಲ್ಫಾನಿನಿಂದಲೇ ಬಂದದ್ದೆಂದು ಕೆಲವರು, ನಾಗನ ಮುನಿಸೆಂದು ಕೆಲವರು. ಎಂಡೊಸಲ್ಫಾನು ನಮ್ಮ ಕಡೆ ಮಾಡಿದ ಅನಾಹುತ ಸಣ್ಣದಲ್ಲ. ಆದರೆ ಈ ಕಾಯಿಲೆ ಇಂಥ ಮಗುವಿಗೆ ಇಂಥದರಿಂದಲೇ ಬಂತೆಂದು ಬೊಟ್ಟು ಮಾಡಿ ತೋರಿಸಲು ಬಹುಮಟ್ಟಿಗೆ ಯಾವ ವೈದ್ಯನಿಂದಲೂ ಆಗುವುದಿಲ್ಲ.

ಎರಡೂವರೆ ವರ್ಷದ ಚಿಕಿತ್ಸೆ, ಬೆಂಗಳೂರಿನಲ್ಲಿ. ಆಗ ಮಂಗಳೂರು–ಬೆಂಗಳೂರು ರೈಲೂ ಇರಲಿಲ್ಲ. ಹಳಿ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದು ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಆದುದರಿಂದ ಉಪ್ಪಿನಂಗಡಿಗೆ ಬಂದು ರಾತ್ರಿ ಬಸ್ಸು ಹಿಡಿದು ಶಿರಾಡಿ ಘಾಟಿ ಏರಬೇಕು. ಮಳೆಗಾಲವಾದರೆ ಹೊಸಮಠದ ಮುಳುಗು ಸೇತುವೆಯ ಮೇಲೆ ನೀರಿದೆಯೊ ಇಲ್ಲವೊ ಎಂದು ಮೊದಲು ವಿಚಾರಿಸಬೇಕು. ಮಗು ಎಷ್ಟು ಬೇಗ ಇದಕ್ಕೆಲ್ಲ ಒಗ್ಗಿಹೋಯಿತೆಂದರೆ, ಬಾಟಲಿಯಿಂದ ಇಳಿಯುತ್ತಿದ್ದ ಕೆಂಪು ಮದ್ದಿಗೆ ಅವಳು ಇಟ್ಟ ಹೆಸರು ‘ಪುನರ್ಪುಳಿ ಶರಬತ್ತು’. ಕೂದಲು ಉದುರಿ ತಲೆ ಬೋಳಾದಾಗ ಬಸ್ಸಿನಲ್ಲಿ ಯಾರೊ ಪುಣ್ಯಾತ್ಮರು, “ತಿರುಪತಿಗೆ ಹೋಗಿದ್ದಿರಾ?” ಎಂದು ಕೇಳಿದರು. “ಹೌದು” ಎಂದಳು ತಾಯಿ. ಅಂದಿನಿಂದ ಅದೇ ಉತ್ತರ ರೂಢಿಯಾಯಿತು.

ಓದುಗರಿಗೆ ಬೇಸರವಿಲ್ಲದಿದ್ದರೆ ಈ ಮದ್ದುಗಳ ಕುರಿತು ಒಂದೆರಡು ಮಾತು. 1948ಕ್ಕೆ ಮೊದಲು ಈ ಕಾಯಿಲೆ ಬಂದ ಮಗು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಬದುಕಿದರೆ ಬದುಕಿತು. ಆ ವರ್ಷ ಬಾಸ್ಟನ್ನಿನ ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧ ಕೊಟ್ಟು 10 ಮಂದಿಯಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದ್ದನ್ನು ಪ್ರಕಟಿಸಿದರು. ಆ ಔಷಧ ಹೊರಬಂದದ್ದು ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು ಮುಖ್ಯರಾಗಿದ್ದ ಅಮೆರಿಕದ ಪ್ರಯೋಗಶಾಲೆಯಿಂದ. ಮುಂದೆ ವಿನ್‌ಕ್ರಿಸ್ಟಿನ್ ಬಂತು. ಅದರ ಮೂಲ ನಮ್ಮ ಅಂಗಳದಲ್ಲಿ ಯಾರೂ ನೆಡದೆ ಹುಟ್ಟಿಕೊಳ್ಳುವ ನಿತ್ಯಪುಷ್ಪ! ಒಂದೊಂದೇ ಮದ್ದಿಗೆ ಬಗ್ಗದ ರೋಗಕ್ಕೆ ಹಲವು ಮದ್ದುಗಳನ್ನು ಒಟ್ಟಾಗಿ ಕೊಟ್ಟು, ತಲೆಗೆ ಕಿರಣವನ್ನೂ ಹಾಯಿಸಿ, 1960ರ ದಶಕದಲ್ಲಿ ಮೆಂಫಿಸಿನ ಡೊನಾಲ್ಡ್ ಪಿಂಕೆಲ್ ಅವರ ತಂಡ ಅರ್ಧದಷ್ಟು ಮಕ್ಕಳನ್ನು ಉಳಿಸುವ ಮಟ್ಟಕ್ಕೆ ಬಂತು. ಇಂದು ಸಿರಿವಂತ ದೇಶಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಬದುಕುತ್ತಾರೆ. ನಮ್ಮಲ್ಲಿ ಅಷ್ಟಿಲ್ಲ. ಸೋಂಕು ಒಂದು ಕಾರಣವಾದರೆ, ಬಸ್ಸಿನ ಖರ್ಚು ಹೊಂದಿಸಲಾರದೆ ಅರ್ಧಕ್ಕೆ ಬಿಟ್ಟು ಬರುವವರು ಇನ್ನೊಂದು.

ಬದುಕಿದವರು ಬೆಳೆಯುತ್ತಾರಷ್ಟೆ. ನಮ್ಮ ಹುಡುಗಿಯೂ ಬೆಳೆದಳು, ಆದರೆ ತಂಗಿಯ ಭುಜಕ್ಕೆ ನಿಂತಳು. ನಾನು ನಲವತ್ತು ವರ್ಷ ಲೆಕ್ಕ ಕಲಿಸಿದವನು. ರಜೆಯಲ್ಲಿ ಪುತ್ತೂರಿಗೆ ಬಂದಾಗ ಅವಳನ್ನು ಕೂರಿಸಿಕೊಂಡು ಭಾಗಾಕಾರ ಮಾಡಿಸುತ್ತಿದ್ದೆ. ಬೇರೆ ಮಕ್ಕಳು ಐದು ನಿಮಿಷದಲ್ಲಿ ಮಾಡುವ ಲೆಕ್ಕಕ್ಕೆ ಅವಳಿಗೆ ಹತ್ತು ನಿಮಿಷ ಬೇಕು. ಆದರೆ ಉತ್ತರ ಸರಿ. ಶಾಲೆಯಲ್ಲಿ ಇದಕ್ಕೆ ‘ಉದಾಸೀನ’ ಎಂದು ಹೆಸರಾಯಿತು. ಎಳೆಯ ಮಿದುಳಿನ ಮೇಲೆ ಹಾದ ಕಿರಣ ಎತ್ತರವನ್ನೂ ಗಣಿತದ ವೇಗವನ್ನೂ ಕದಿಯಬಲ್ಲದೆಂದು ಸಂಶೋಧಕರು ಎಂದೋ ಕಂಡುಕೊಂಡಿದ್ದರು. ಆ ಕಾರಣದಿಂದಲೇ ಈಗ ಹೆಚ್ಚಿನ ಮಕ್ಕಳಿಗೆ ಕಿರಣವಿಲ್ಲದೆಯೇ ಚಿಕಿತ್ಸೆ ಮುಗಿಸುತ್ತಾರೆ.

ಅಮೆರಿಕದಲ್ಲಿ 1970ರಿಂದ 1986ರೊಳಗೆ ಬಾಲ್ಯದ ಕ್ಯಾನ್ಸರಿಗೆ ತುತ್ತಾಗಿ ಉಳಿದವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಅವರ ಒಡಹುಟ್ಟಿದವರೊಡನೆ ಹೋಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಮೂವತ್ತು ವರ್ಷ ಕಳೆಯುವುದರೊಳಗೆ ನೂರಕ್ಕೆ 73 ಮಂದಿಗೆ ಏನಾದರೊಂದು ದೀರ್ಘಕಾಲದ ತೊಂದರೆ ಅಂಟಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿದ ಮಕ್ಕಳಿಗೆಂದೇ 1991ರಲ್ಲಿ ಒಂದು ವಿಭಾಗ ತೆರೆದರು. ರೋಗ ಹೋದ ಮೇಲೂ ಆಸ್ಪತ್ರೆಗೆ ಬರಬೇಕೆಂದು ಹೇಳುವ ವಿಭಾಗ! ನಮ್ಮ ಜನಕ್ಕೆ ಇದನ್ನು ಒಪ್ಪಿಸುವುದು ಎಷ್ಟು ಕಷ್ಟವೆಂಬುದು ನನಗೆ ಗೊತ್ತು.

ಪುನರ್ಪುಳಿ ಶರಬತ್ತಿನ ಮಾತು ಬಂತಲ್ಲ, ಅದರ ನಿಜವಾದ ಹೆಸರು ಡೌನೊರುಬಿಸಿನ್. ಇಟಲಿಯ ಮಣ್ಣಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿಯ ಕೊಡುಗೆ. ರೋಗವನ್ನು ಓಡಿಸುವುದರಲ್ಲಿ ನಿಸ್ಸೀಮ. ಆದರೆ ಅದು ಮತ್ತು ಅದರ ದಾಯಾದಿಗಳು ಹೃದಯದ ಸ್ನಾಯುವನ್ನು ಸದ್ದಿಲ್ಲದೆ ಸವೆಸಬಲ್ಲವು. ಹತ್ತಿಪ್ಪತ್ತು ವರ್ಷವಾದ ಮೇಲೂ ಅದು ತಲೆಯೆತ್ತಬಹುದು. ಒಟ್ಟು ಕೊಟ್ಟ ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಹೆಣ್ಣುಮಗಳು ಬಸುರಿಯಾದಾಗ ಹೃದಯಕ್ಕೆ ದುಡಿಮೆ ಏರುವುದರಿಂದ, ಮೊದಲೇ ಅಥವಾ ಆರಂಭದ ತಿಂಗಳುಗಳಲ್ಲೇ ಎಕೊ ಮಾಡಿಸಿ ನೋಡಬೇಕೆಂಬುದು ತಜ್ಞರ ಮಾತು.

ಹುಡುಗಿಗೆ ಮದುವೆಯಾದದ್ದು ಸುಳ್ಯಕ್ಕೆ; ಗಂಡನದು ರಬ್ಬರು ವ್ಯಾಪಾರ. ಹುಡುಗನಿಗೆ ಅವಳೇ ಮೊದಲು ವಿಷಯ ತಿಳಿಸಿದಳು. “ಈಗ ಮದ್ದು ಉಂಟಾ?” ಎಂದು ಕೇಳಿದನಂತೆ. “ಇಲ್ಲ” ಎಂದಳು. “ಹಾಗಾದರೆ ಆಯಿತಲ್ಲ” ಎಂದನಂತೆ. ಅತ್ತೆಗೆ ಹೇಳಲು ಮಾತ್ರ ತಾಯಿ ಬಿಡಲಿಲ್ಲ. ಎರಡನೆಯ ಮಗಳ ಮದುವೆ ಇನ್ನೂ ಆಗಬೇಕು, ರಕ್ತದ ಕ್ಯಾನ್ಸರ್ ಎಂದರೆ ಜನ ವಂಶವನ್ನೇ ಎಣಿಸುತ್ತಾರೆ. ಅವಳ ಹೆದರಿಕೆ ಬರಿಯ ಕಲ್ಪನೆಯೆಂದು ನಾನು ಹೇಳಲಾರೆ. ಸಂಬಂಧ ಮುರಿದ ಮನೆಗಳನ್ನು ಕಂಡವನು ನಾನು.

ಈ ವರ್ಷ ಹುಡುಗಿಗೆ ನಾಲ್ಕನೆಯ ತಿಂಗಳು ನಡೆಯುತ್ತಿದ್ದಾಗ ಡಾಕ್ಟರರು, “ಮೊದಲು ದೊಡ್ಡ ಕಾಯಿಲೆ ಏನಾದರೂ ಬಂದಿತ್ತೇ?” ಎಂದು ಕೇಳಿದರು. ಒಂದು ಪಕ್ಕದಲ್ಲಿ ಅತ್ತೆ, ಇನ್ನೊಂದು ಪಕ್ಕದಲ್ಲಿ ತಾಯಿ. “ಇಲ್ಲ” ಎಂದು ಉತ್ತರ ಕೊಟ್ಟವಳು ತಾಯಿ. ತೋಟದ ಏರು ಹತ್ತುವಾಗ ಏದುಸಿರು ಬರುತ್ತಿತ್ತು; ಬಸುರಿಯರಿಗೆಲ್ಲ ಅದು ಇದ್ದದ್ದೇ ಎಂದರು. ಇದ್ದದ್ದೇ ಹೌದು. ಆದರೂ ಹುಡುಗಿ ಒಂದು ರಾತ್ರಿ ನನಗೆ ಫೋನು ಮಾಡಿ, “ಅಜ್ಜ, ನನ್ನ ಫೈಲು ಯಾರ ಹತ್ತಿರ ಉಂಟು?” ಎಂದಳು.

ಮರುದಿನ ಬೆಳಗ್ಗಿನ ಬಸ್ಸಿಗೆ ಕಡಬಕ್ಕೆ ಹೋದೆ. “ಅದು ಇನ್ನು ಎಂತಕ್ಕೆ ಮಾವ? ಗುಣ ಆಗಿ ಇಪ್ಪತ್ತು ವರ್ಷ ಆಯಿತು. ಅಂದೇ ಒಲೆಗೆ ಹಾಕಲಿಕ್ಕೆ ಹೇಳಿದ್ದೇನೆ” ಎಂದಳು ನನ್ನ ತಂಗಿಯ ಮಗಳು. ಅವಳ ಗಂಡ ಮಾತು ಕಡಿಮೆಯ ಆಸಾಮಿ. ಎದ್ದು ಒಳಗೆ ಹೋಗಿ ತಗಡಿನ ಪೆಟ್ಟಿಗೆ ತಂದಿಟ್ಟ. ಹೇಳಿದೆನಲ್ಲ, ನಮ್ಮವರು ಕಾಗದ ಬಿಸಾಡುವವರಲ್ಲ. ಡಿಕ್ಲರೇಶನ್ನಿನ ಕೆಳಗೆ, ಅಂಚನ್ನು ಗೆದ್ದಲು ತಿಂದ ಆ ಫೈಲು. ಕೊನೆಯ ಹಾಳೆಯಲ್ಲಿ ಕೊಟ್ಟ ಮದ್ದುಗಳ ಒಟ್ಟು ಪ್ರಮಾಣ, ಕಿರಣದ ದಿನಗಳ ಪಟ್ಟಿ, ಎಲ್ಲವೂ ಓದುವ ಹಾಗಿತ್ತು. ತಾಯಿ ಏನೂ ಹೇಳಲಿಲ್ಲ. ಒಳಗೆ ಹೋಗಿ ನನಗೆ ಮಜ್ಜಿಗೆ ತಂದುಕೊಟ್ಟಳು, ಕೈ ನಡುಗುತ್ತಿತ್ತು.

ಹುಡುಗಿ ಅಂದು ಸಂಜೆಯೇ ಅತ್ತೆಯ ಮುಂದೆ ಫೈಲು ಬಿಡಿಸಿಟ್ಟಳಂತೆ. ಆಕೆ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ, “ಮಂಗಳೂರಿಗೆ ಎಷ್ಟು ಗಂಟೆಗೆ ಹೊರಡುವುದು?” ಎಂದು ಕೇಳಿದರಂತೆ. ಅಲ್ಲಿ ಎಕೊ ಆಯಿತು. ಹೃದಯದ ಬಲ ಇರಬೇಕಾದುದಕ್ಕಿಂತ ತುಸು ಕಡಿಮೆ. ಗಾಬರಿಯಾಗಬೇಕಾದುದಿಲ್ಲ, ಆದರೆ ಹೆರಿಗೆ ಹೃದಯದ ಡಾಕ್ಟರರಿರುವ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕೆಂದರು. ಫೈಲಿನ ಮೂರು ಪ್ರತಿ ತೆಗೆಸಿದೆವು. ಮುಂದಿನ ಎಕೊ ಏಳನೆಯ ತಿಂಗಳಿಗೆ. ನನ್ನ ತಂಗಿಯ ಮಗಳು ತಾನೂ ಬರುತ್ತೇನೆಂದಿದ್ದಾಳೆ; ಬೀಗಿತ್ತಿಯ ಎದುರು ಹೇಗೆ ಕೂರುವುದೆಂದು ಮಾತ್ರ ಅವಳಿಗೆ ತಿಳಿಯುತ್ತಿಲ್ಲ.