ಅಮ್ಮಿಯ ಲೆಕ್ಕದ ಪುಸ್ತಕ

ಕಲಬುರಗಿಯ ಬಿಸಿಲಿಗೆ ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ, ಮಡಕೆ ಇದೆ. ಒದ್ದೆ ಗೋಣಿಚೀಲ ಸುತ್ತಿ ಗಾಳಿಯಾಡುವ ಕಿಟಕಿಯ ಬಳಿ ಇಟ್ಟರೆ ನೀರು ತಣ್ಣಗಿರುತ್ತದೆ. ಮಧ್ಯಾಹ್ನ ಕಿಟಕಿಗೆ ಒದ್ದೆ ಚಾದರ, ಕುಡಿಯಲು ಸಬ್ಜಾ ಬೀಜದ ಶರಬತ್ತು. ಹೀಗೆ ಉಳಿದ ಹತ್ತಿಪ್ಪತ್ತು ರೂಪಾಯಿಯನ್ನೂ ಅಮ್ಮಿ ಪುಸ್ತಕದಲ್ಲಿ ಬರೆದು ಡಬ್ಬಿಗೆ ಹಾಕುತ್ತಾರೆ. ಕಾಮರ್ಸ್ ಓದುವ ನನಗೂ ಅದು ಜಿಪುಣತನ ಎನಿಸುತ್ತಿತ್ತು.

ಕಳೆದ ಮೇ ತಿಂಗಳಲ್ಲಿ ನಾಲ್ಕು ವರ್ಷದ ತಮ್ಮನಿಗೆ ವಾಂತಿ-ಭೇದಿ ಶುರುವಾಯಿತು. ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಇರಲಿಲ್ಲ. ನಾನು ಅಂದಾಜಿನ ಮೇಲೆ ನೀರಿಗೆ ಉಪ್ಪು ಹಾಕಲು ಹೋದೆ. ಅಮ್ಮಿ ತಡೆದರು. "ಬೇಟಾ, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಅಳತೆ ಮಾಡು." ಕುದಿಸಿ ಆರಿಸಿದ 1 ಲೀಟರ್ ನೀರು, ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಿದೆವು.

ಸಂಜೆಗೆ ಅವನ ಕಣ್ಣು ಗುಳಿಬಿದ್ದವು, ಮೂತ್ರ ನಿಂತಿತು. ನಾನಿ ಇನ್ನೊಂದು ಮನೆಮದ್ದು ಹೇಳುತ್ತಿದ್ದರು. ಅಮ್ಮಿ ಡಬ್ಬಿಯ ದುಡ್ಡೆಲ್ಲ ಸುರಿದುಕೊಂಡು ಆಟೋ ಕರೆಸಿದರು. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಸಲೈನ್ ಹಾಕಿದರು. ಅಲ್ಲಾಹನ ದಯೆಯಿಂದ ಬೆಳಿಗ್ಗೆ ಅವನೇ ಬಿಸ್ಕೆಟ್ ಕೇಳಿದ.

ಆ ದಿನದ ಪುಟದಲ್ಲಿ ಉಳಿತಾಯ ಸೊನ್ನೆ. ಗೆಳತಿಯರೇ, ಮನೆಮದ್ದು ಎಲ್ಲಿಯವರೆಗೆ ಸಾಕು, ಆಸ್ಪತ್ರೆ ಯಾವಾಗ ಬೇಕು ಎಂಬುದೂ ಒಂದು ಲೆಕ್ಕವೇ. ಆ ಹತ್ತಿಪ್ಪತ್ತು ರೂಪಾಯಿಗಳನ್ನು ಅಮ್ಮಿ ಕೂಡಿಟ್ಟಿದ್ದು ಅಂಥ ಸಂಜೆಗಾಗಿಯೇ.