ಎರಡನೇ ನಂಬರು

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೋದಾಗ ಆಸ್ಪತ್ರೆಯ ಹುಡುಗಿ ಒಂದು ಫಾರಂ ಕೊಟ್ಟಳು. ಹೆಸರು, ವಯಸ್ಸು, ಸಕ್ಕರೆ ಕಾಯಿಲೆ ಉಂಟೋ ಇಲ್ಲವೋ, ಎಲ್ಲ ಸಲೀಸಾಗಿ ತುಂಬಿದೆ. ತುರ್ತಿಗೆ ಯಾರನ್ನು ಕರೆಯಬೇಕು ಎಂಬಲ್ಲಿ ಹೆಂಡತಿಯ ನಂಬರು ಬರೆದೆ. ಅದರ ಕೆಳಗೆ ಇನ್ನೊಂದು ಖಾಲಿ ಗೆರೆ. "ಮನೆಯವರು ಬಿಟ್ಟು ಬೇರೆ ಒಬ್ರದ್ದು ಬೇಕು ಸರ್. ಫ್ರೆಂಡ್ಸ್ ಯಾರಾದ್ರೂ," ಎಂದಳು. ಅವಳಿಗದು ದಿನಕ್ಕೆ ಐವತ್ತು ಸಲ ಹೇಳುವ ಮಾತು. ನಾನು ಪೆನ್ನು ಹಿಡಿದು ಕೂತೇ ಇದ್ದೆ.

ಫೋನು ತೆಗೆದು ನೋಡಿದೆ. ಗ್ಯಾಸ್. ಗ್ಯಾಸ್ ಹೊಸದು. ಎಳನೀರು ಕದ್ರಿ. ಪ್ಲಂಬರ್, ಅವನ ಮುಂದೆ 'ತೆಗೆಯುವುದಿಲ್ಲ' ಎಂದು ನಾನೇ ಬರೆದಿಟ್ಟದ್ದು. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು; ಏಳು ಶಾಖೆಗಳ ಜನ ಅದರೊಳಗಿದ್ದಾರೆ. ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ತಪ್ಪದೆ ಬರುತ್ತದೆ. ಆದರೆ ಇವರಲ್ಲಿ ಒಬ್ಬರಿಗೆ ಫೋನು ಮಾಡಿ "ನಿಮ್ಮ ಗೆಳೆಯರು ಬಿದ್ದಿದ್ದಾರೆ, ಬನ್ನಿ" ಎಂದರೆ, "ಯಾವ ಗೆಳೆಯ?" ಎಂದು ಕೇಳದೆ ಚಪ್ಪಲಿ ಮೆಟ್ಟುವವರು ಯಾರು? ಕೊನೆಗೆ ಹೆಂಡತಿಯ ತಮ್ಮನ ನಂಬರು ಬರೆದೆ. ಅದೇ ಫಾರಂ ಹೆಂಡತಿಯ ಕೈಗೆ ಸಿಕ್ಕಿದ್ದರೆ ಗೆರೆ ಸಾಲದೆ ಹಿಂಬದಿಗೂ ಬರೆಯುತ್ತಿದ್ದಳು.

ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತಿದ್ದಾಗ ನೋಡಲು ಬಂದದ್ದು ಒಬ್ಬರೇ, ನಮ್ಮ ಶಾಖೆಯ ಹಳೆಯ ಕ್ಯಾಶಿಯರು. ಅವರದು ಬಾಸೆಲ್ ಮಿಶನ್ ಕಾಲದ ಪ್ರೊಟೆಸ್ಟಂಟ್ ಮನೆತನ. 1865ರಲ್ಲಿ ಮಿಶನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರಲ್ಲ, ಅವರ ಮುತ್ತಜ್ಜ ಅಲ್ಲಿ ಮಣ್ಣು ತುಳಿದವರಂತೆ. ಫಾರಂನ ಕತೆ ಹೇಳಿದೆ. ನಕ್ಕರು. "ಶನಿವಾರ ನಮ್ಮ ಚರ್ಚಿಗೆ ಬನ್ನಿ ಮಾರಾಯ್ರೆ. ಪುರುಷರ ಅನ್ಯೋನ್ಯತೆ ಉಂಟು."

ನನಗೆ ಗಾಬರಿಯಾಯಿತು. ನಮ್ಮ ಕನ್ನಡದಲ್ಲಿ ಅನ್ಯೋನ್ಯವಾಗಿರುವವರು ದಂಪತಿಗಳು ಮಾತ್ರ. ಮದುವೆಯಲ್ಲಿ ಹರಸುವವರು, ಷಷ್ಟ್ಯಬ್ದಿಯಲ್ಲಿ ಹೊಗಳುವವರು ಬಳಸುವ ಶಬ್ದ ಅದು. ಚರ್ಚಿನ ಕನ್ನಡದಲ್ಲಿ ಅದು ವಿಶ್ವಾಸಿಗಳ ಒಡನಾಟಕ್ಕೆ ಹೇಳುವ ಮಾತು. ಗಂಡಸರಿಗೂ ಅನ್ಯೋನ್ಯತೆ ಎಂಬುದೊಂದು ಇರಬಹುದು ಎಂದು ಅರುವತ್ತೆರಡನೇ ವಯಸ್ಸಿನಲ್ಲಿ ನನಗೆ ಗೊತ್ತಾದದ್ದು. "ಪ್ರಾರ್ಥನೆ ಮಾಡುವಾಗ ನಾನೇನು ಮಾಡಲಿ?" ಎಂದೆ. "ಕಣ್ಣು ಮುಚ್ಚಿ ಕೂತ್ಕೊಳ್ಳಿ. ನಮ್ಮವರಲ್ಲೂ ಅರ್ಧ ಜನ ಮಾಡುವುದು ಅದನ್ನೇ."

ಆ ಶನಿವಾರ ಮಾತ್ರ ಪೂರ್ತಿ ಬೇಸರದ್ದು. ಸಾಲಾಗಿ ಕುರ್ಚಿ, ಮೈಕು, ಗೆಳೆತನದ ಮಹತ್ವದ ಬಗ್ಗೆ ಐವತ್ತು ನಿಮಿಷ ಭಾಷಣ. ಪಕ್ಕದವರ ಹೆಸರು ಕೇಳುವ ಮೊದಲೇ ಚಾ ಕುಡಿದು ಎಲ್ಲರೂ ಸ್ಕೂಟರು ಹತ್ತಿದರು. ನಮ್ಮ ಭಜನಾ ಮಂದಿರದ ವಾರ್ಷಿಕ ಸಭೆಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ.

ವಿಷಯ ಬೇರೆಯಾದದ್ದು ಎರಡು ತಿಂಗಳ ಮೇಲೆ, ಚರ್ಚಿನ ವಾರ್ಷಿಕೋತ್ಸವದ ಹಿಂದಿನ ರಾತ್ರಿ. ಕ್ಯಾಶಿಯರು ಫೋನು ಮಾಡಿ, ನೀರುಳ್ಳಿ ಹೆಚ್ಚಲು ಜನ ಕಡಿಮೆ ಉಂಟು ಎಂದರು. ಡಾಕ್ಟರು ನನಗೆ ನೀರುಳ್ಳಿಯ ವಿಚಾರ ಏನೂ ಹೇಳಿರಲಿಲ್ಲ. ಹೋದೆ. ಚರ್ಚಿನ ಹಿಂದಿನ ಶೆಡ್ಡು, ಒಂದು ಟ್ಯೂಬ್‌ಲೈಟು, ಮೂವತ್ತು ಕಿಲೋ ನೀರುಳ್ಳಿ. ತರಕಾರಿ ಕ್ರೇಟು ಕವುಚಿ ಹಾಕಿಕೊಂಡು ಎಂಟು ಮಂದಿ ಗಂಡಸರು. ನನಗೆ ಕೊಟ್ಟ ಚಾಕು ಬೆಣ್ಣೆಗೂ ನಾಲಾಯಕ್ಕು.

ಮೊದಲ ಅರ್ಧ ಗಂಟೆ ಮಾತೆಲ್ಲ ನೀರುಳ್ಳಿಯದೇ. ಉದ್ದಕ್ಕೋ, ಸಣ್ಣಕ್ಕೋ, ಯಾವುದು ಬಿರಿಯಾನಿಗೆ, ಯಾವುದು ಸಲಾಡಿಗೆ. ಎಲ್ಲರ ಕಣ್ಣಲ್ಲೂ ಧಾರಾಕಾರ ನೀರು. ಆಗ ರೈಲ್ವೆಯಿಂದ ನಿವೃತ್ತರಾದ ಒಬ್ಬರು, ಕೈಯಲ್ಲಿದ್ದ ನೀರುಳ್ಳಿಗೆ ಹೇಳುವವರಂತೆ, "ಮಗ ನನ್ನತ್ರ ಮಾತಾಡದೆ ಎಂಟು ತಿಂಗಳಾಯ್ತು," ಎಂದರು.

ಯಾರೂ ತಲೆ ಎತ್ತಲಿಲ್ಲ. ಈಗ ಯಾರೋ ಒಬ್ಬರು ಬೈಬಲಿನ ಒಂದು ವಾಕ್ಯ ಹೇಳುತ್ತಾರೆ, ಇಲ್ಲವೇ ಈಗಿನ ಮಕ್ಕಳೇ ಹಾಗೆ ಎನ್ನುತ್ತಾರೆ ಎಂದು ನಾನು ಕಾದೆ. ಟಕಟಕ ಚಾಕುಗಳ ಶಬ್ದ ಬಿಟ್ಟರೆ ಬೇರೇನೂ ಇಲ್ಲ. ಒಂದು ನೀರುಳ್ಳಿ ಪೂರ್ತಿ ಮುಗಿದ ಮೇಲೆ ಎದುರು ಕೂತಿದ್ದ ಎಲೆಕ್ಟ್ರಿಶಿಯನ್ ಕೇಳಿದರು:

"ದುಬೈಯಲ್ಲಿ ಇರುವವನಾ?"

"ಅಲ್ಲ. ದೊಡ್ಡವ. ಇಲ್ಲೇ ಬಜಾಲಿನಲ್ಲಿ ಇರುವುದು."

ಮತ್ತೆ ಟಕಟಕ.

"ನಾಳೆ ಊಟ ಕಟ್ಟಿಸಿಕೊಂಡು ಹೋಗುವಾ. ನಾನೂ ಬರ್ತೇನೆ."

ಅಷ್ಟೇ. ಅಲ್ಲಿಂದ ಮಾತು ಮತ್ತೆ ಶುಂಠಿಗೆ ಹೋಯಿತು. ರೈಲ್ವೆಯವರು ಮೊಣಕೈಯಿಂದ ಕಣ್ಣೊರೆಸಿಕೊಂಡರು. ಎಲ್ಲರೂ ಒರೆಸಿಕೊಳ್ಳುತ್ತಿದ್ದುದರಿಂದ ಯಾರದು ನೀರುಳ್ಳಿಯದು, ಯಾರದು ಅಲ್ಲ ಎಂದು ಲೆಕ್ಕ ಇಡುವಂತಿರಲಿಲ್ಲ.

ಮರುದಿನ ಸಭಾಪಾಲಕರು ದಾವೀದ ಮತ್ತು ಯೋನಾತಾನರ ಕತೆ ಹೇಳಿದರು. ನಾನು ಮನೆಗೆ ಬಂದು ಸಮುವೇಲನ ಮೊದಲ ಪುಸ್ತಕ ತೆಗೆದು ಓದಿದೆ. ರಾಜನಿಗೆ ದಾವೀದನನ್ನು ಕೊಲ್ಲುವ ಹಟ. ರಾಜನ ಮಗ ಯೋನಾತಾನನಿಗೆ ಅವನ ಮೇಲೆ ಪ್ರಾಣ. ಓಡಿಹೋಗು ಎಂದು ತಿಳಿಸಲು ಯೋನಾತಾನ ಹೂಡುವುದು ಬಾಣದ ಆಟ. ಹೊಲಕ್ಕೆ ಹೋಗಿ ಬಾಣ ಬಿಡುತ್ತಾನೆ, ಹೆಕ್ಕಲು ಒಬ್ಬ ಹುಡುಗ. ಬಾಣ ನಿನ್ನಿಂದ ಆಚೆ ಇದೆ ಎಂದು ಹುಡುಗನಿಗೆ ಕೂಗಿದರೆ ಬಚ್ಚಿಟ್ಟುಕೊಂಡಿರುವ ದಾವೀದ ಅರ್ಥ ಮಾಡಿಕೊಳ್ಳಬೇಕು. ಗುಟ್ಟಿಗಾಗಿ ಮಾಡಿದ ಉಪಾಯ ಅದು, ಒಪ್ಪಿದೆ. ಆದರೂ ನನಗೆ ಅದರಲ್ಲಿ ಕಂಡದ್ದು ಶೆಡ್ಡಿನ ಚಾಕುಗಳೇ. ಹುಡುಗನನ್ನು ಊರಿಗೆ ಕಳಿಸಿದ ಮೇಲೆ ಇಬ್ಬರೂ ಮುದ್ದಿಟ್ಟುಕೊಂಡು ಅಳುತ್ತಾರೆ, ದಾವೀದನೇ ಹೆಚ್ಚು. ದೈತ್ಯ ಗೊಲ್ಯಾತನನ್ನು ಬೀಳಿಸಿದವನು!

ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ 'ಮೆನ್ಸ್ ಶೆಡ್' ಎಂಬವು ಹುಟ್ಟಿಕೊಂಡಿವೆ. ಈಗ ಸಾವಿರಕ್ಕೂ ಹೆಚ್ಚು. ನಿವೃತ್ತ ಗಂಡಸರು ಬಂದು ಮುರಿದ ಕುರ್ಚಿ ರಿಪೇರಿ ಮಾಡುತ್ತಾರೆ, ಮರ ಕೆತ್ತುತ್ತಾರೆ. ಗಂಡಸರು ಮಾತಾಡುವುದು ಮುಖಕ್ಕೆ ಮುಖ ಕೊಟ್ಟಲ್ಲ, ಭುಜಕ್ಕೆ ಭುಜ ಕೊಟ್ಟು ಎಂಬುದು ಅವರ ಘೋಷವಾಕ್ಯ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನದ ಬಗ್ಗೆಯೇ ಒಂದು ಎಚ್ಚರಿಕೆ ಹೊರಡಿಸಿದರು. ಜನರ ಸಂಪರ್ಕವಿಲ್ಲದೆ ಬದುಕುವುದು ದಿನಕ್ಕೆ ಹದಿನೈದು ಸಿಗರೇಟು ಸೇದಿದಷ್ಟೇ ಆಯುಸ್ಸಿಗೆ ಕೇಡು ಎಂಬ ಮಾತು ಅದರಲ್ಲಿದೆ. ಕೆಲಸದ ಭರದಲ್ಲಿ ಗೆಳೆಯರನ್ನು ಮರೆತು ತಾನೂ ಒಂಟಿಯಾಗಿದ್ದೆ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ನನಗೆ ಹೊಟ್ಟೆಯುರಿದದ್ದು ಸಿಗರೇಟಿನ ಹೋಲಿಕೆಗೆ. ನಮ್ಮ ಬ್ಯಾಂಕಿನಲ್ಲಿ ಜೀವದ ಗೆಳೆಯರು ಎಂದು ಇದ್ದದ್ದೇ ಸಿಗರೇಟಿನವರು. ಹನ್ನೊಂದಕ್ಕೆ, ನಾಲ್ಕಕ್ಕೆ, ಗೂಡಂಗಡಿಯ ಹಿಂದೆ, ರಸ್ತೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಅಲ್ಲಿ ಒಬ್ಬನ ಸಾಲದ ಕತೆ ಇನ್ನೊಬ್ಬನಿಗೆ ಗೊತ್ತಿರುತ್ತಿತ್ತು. ಸೇದದ ನಾನು ಒಳಗೆ ಲೆಡ್ಜರ್ ನೋಡುತ್ತ ಆರೋಗ್ಯ ಕಾಪಾಡಿಕೊಂಡೆ.

ಈಗ ಇನ್ನೊಂದು ಕಣ್ಣಿಗೂ ಪೊರೆ ಬಂದಿದೆ. ಮತ್ತೆ ಅದೇ ಫಾರಂ, ಅದೇ ಗೆರೆ. ನಿಮ್ಮ ನಂಬರು ಬರೆಯಲೇ ಎಂದು ಕ್ಯಾಶಿಯರನ್ನು ಕೇಳಬೇಕೆಂದು ಮೊನ್ನೆ ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಬೇರೇನೋ ಹೇಳಿದೆ. ನಿನ್ನೆ ಅವರೇ ಫೋನು ಮಾಡಿದ್ದರು.

"ಕ್ರಿಸ್ಮಸ್ ಊಟದ್ದು ಉಂಟಲ್ಲ, ಬರುವಾಗ ಚಾಕು ನೀವೇ ತನ್ನಿ ಮಾರಾಯ್ರೆ. ಹೋದ ಸಲದ ನಿಮ್ಮ ನೀರುಳ್ಳಿಯನ್ನು ನಾವು ಮತ್ತೆ ಹೆಚ್ಚಬೇಕಾಯ್ತು."